ಒಂದೇ ಮಡಕೆ, ಎರಡು ಊಟ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಬಿಡದಿ ದಾಟುತ್ತಿದ್ದಂತೆ ನೆಲದ ಚಹರೆಯೇ ಬೇರೆ. ಮಲಗಿದ ಆನೆಗಳಂತೆ ಅಲ್ಲಲ್ಲಿ ಬಂಡೆಬೆಟ್ಟಗಳು. ಅವುಗಳ ಬುಡದಲ್ಲಿ ಹಿಪ್ಪುನೇರಳೆ, ಮಾವು, ತೆಂಗು. ಮಳೆ ಹಿಡಿದ ವರ್ಷವಾದರೆ ಕಣ್ಣು ಹಾಯುವಷ್ಟು ದೂರ ರಾಗಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ಮಾಡಲಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರು ಎರಡು ಸಲ ಬದಲಾದರೂ ಇಲ್ಲಿನ ಮನೆಗಳ ಒಲೆಯ ಮೇಲಿನ ಸಾರು ಮಾತ್ರ ಅದೇ.

ಈ ಕಡೆ ಬರುವ ಪ್ರವಾಸಿಗರು 1975ರ ‘ಶೋಲೆ’ ಚಿತ್ರದ ಬಂಡೆಗಳನ್ನು ಹುಡುಕುತ್ತಾರೆ. ಚನ್ನಪಟ್ಟಣದ ಬೊಂಬೆ ಕೊಳ್ಳುತ್ತಾರೆ. ಸಂಗಮದಲ್ಲಿ ಕಾಲು ತೋಯಿಸಿ, ಸಾವನದುರ್ಗ ಹತ್ತಿ ಇಳಿಯುತ್ತಾರೆ. ಊಟಕ್ಕೆಂದು ಕುಳಿತಾಗ ಎಲೆಗೆ ಬೀಳುವ ಮುದ್ದೆ, ಸಾರಿನ ಹಿಂದೆ ಇರುವ ಜಾಣತನವನ್ನು ಕೇಳುವವರು ಕಡಿಮೆ. ಆ ಜಾಣತನಕ್ಕೆ ದೂರದ ಫ್ರಾನ್ಸಿನಲ್ಲೊಬ್ಬ ದಾಯಾದಿ ಇದ್ದಾನೆ ಎಂದರೆ ನಂಬುವವರು ಇನ್ನೂ ಕಡಿಮೆ.

ಬೆಂಕಿಯ ಮೇಲಿನ ಮಡಕೆ

ಫ್ರಾನ್ಸಿನ ಮನೆ ಅಡುಗೆಯಲ್ಲಿ ‘ಪೊ ತೊ ಫೊ’ ಎಂಬುದೊಂದು ಇದೆ. ಹೆಸರಿನ ಅರ್ಥವೇ ‘ಬೆಂಕಿಯ ಮೇಲಿನ ಮಡಕೆ’. ದನದ ಮೊಣಕಾಲಿನ ಕೆಳಗಿನ ಗಟ್ಟಿ ಮಾಂಸ, ಮಜ್ಜೆ ತುಂಬಿದ ಮೂಳೆ, ಕ್ಯಾರೆಟ್, ಟರ್ನಿಪ್, ಲವಂಗ ಚುಚ್ಚಿದ ಈರುಳ್ಳಿ ಎಲ್ಲವನ್ನೂ ನೀರಿಗೆ ಹಾಕಿ, ಕೊತಕೊತ ಕುದಿಯದಂತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಬಡಿಸುವಾಗ ಮೊದಲು ತಿಳಿರಸ. ಆಮೇಲೆ ಮಾಂಸ, ತರಕಾರಿ. ಬರ್ಗಂಡಿ ಸೀಮೆಯಲ್ಲಿ ಇದೇ ಕುಲದ ಇನ್ನೊಂದು ಅಡುಗೆಗೆ ನೀರಿನ ಬದಲು ಕೆಂಪು ದ್ರಾಕ್ಷಾರಸ ಹಾಕುತ್ತಾರೆ. ಪ್ಯಾರಿಸಿನ ಹೋಟೆಲುಗಳಲ್ಲಿ ಇಂದು ಇವುಗಳಿಗೆ ಎಷ್ಟೇ ಗೌರವವಿರಲಿ, ಮೂಲದಲ್ಲಿ ಇವು ಹಳ್ಳಿಯ ಅಡುಗೆಗಳು. ಬೇಗ ಬೇಯದ, ಅಗ್ಗದ ಮಾಂಸವನ್ನು ವ್ಯರ್ಥಮಾಡದೆ ತಿನ್ನುವ ಉಪಾಯ.

ದನದ ಮಾಂಸ ಈ ಸೀಮೆಯ ಕೆಲವು ಸಮುದಾಯಗಳ ಆಹಾರ. ಬಹಳ ಮನೆಗಳಿಗೆ ವರ್ಜ್ಯ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ರಾಜ್ಯದಲ್ಲಿ ಗೋಹತ್ಯೆಯ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿತು. ಹಾಗಾಗಿ ಫ್ರೆಂಚರ ಮಡಕೆ ಇದ್ದಂತೆಯೇ ಇಲ್ಲಿಗೆ ಬರಲಾರದು. ಆದರೆ ಅದರ ವಿಧಾನ ಹೊಸದಾಗಿ ಬರಬೇಕಾಗಿಯೂ ಇಲ್ಲ. ಇಲ್ಲಿನ ಅಜ್ಜಿಯರ ಕೈಯಲ್ಲಿ ಅದು ಮೊದಲಿನಿಂದಲೂ ಇದೆ.

ಬಸಿದದ್ದು ಸಾರು, ಉಳಿದದ್ದು ಪಲ್ಯ

ಬಸ್ಸಾರನ್ನೇ ನೋಡಿ. ಅಲಸಂದೆಯೋ ಹುರುಳಿಯೋ ಅವರೆಯೋ, ಯಾವುದಾದರೊಂದು ಕಾಳು. ಜೊತೆಗೆ ದಂಟು, ಕೀರೆ, ಹೀಗೆ ಕೈಗೆ ಸಿಕ್ಕ ಸೊಪ್ಪು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಪಾತ್ರೆಯಲ್ಲಿ ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಉಪ್ಸಾರು ಇನ್ನೂ ಸರಳ. ಬಸಿದ ಕಟ್ಟಿಗೆ ಉಪ್ಪು ಮಾತ್ರ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಡುತ್ತಾರೆ. ಉಣ್ಣುವವರು ತಮ್ಮ ನಾಲಿಗೆಗೆ ತಕ್ಕಷ್ಟು ಕಲಸಿಕೊಳ್ಳುತ್ತಾರೆ.

ಫ್ರಾನ್ಸಿನ ಮಡಕೆಯೂ ಹೀಗೆಯೇ ಅಲ್ಲವೇ? ಒಂದು ಸೌದೆಯ ಉರಿ, ಒಂದು ಪಾತ್ರೆ, ಎರಡು ಊಟ. ಖಾರವನ್ನು ತಟ್ಟೆಯ ಅಂಚಿಗೆ ಇಡುವಂತೆ ಅಲ್ಲಿ ಸಾಸಿವೆ ಅರೆದದ್ದನ್ನೂ ಕಲ್ಲುಪ್ಪನ್ನೂ ಇಡುತ್ತಾರೆ. ಕಾಳು ಬೆಂದ ನೀರಿನಲ್ಲಿ ಇಳಿದ ಸಾರವನ್ನು ಚೆಲ್ಲಬಾರದು ಎಂಬ ಅರಿವು ಎರಡು ಕಡೆಯ ಬಡ ರೈತರಿಗೂ ಬೇರೆ ಬೇರೆಯಾಗಿಯೇ ಹೊಳೆದಿತ್ತು.

ಫ್ರೆಂಚರಿಗೂ ಈ ಸೀಮೆಗೂ ಮುಖಪರಿಚಯವೇ ಇರಲಿಲ್ಲ ಎಂದಲ್ಲ. ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಅಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಮೈಸೂರು ಸೀಮೆಗೆ ಬಂದರು. ಇಲ್ಲಿನವರ ಉಡುಗೆ ತೊಟ್ಟು, ಇಲ್ಲಿನವರಂತೆಯೇ ಬದುಕಿ, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಫ್ರಾನ್ಸಿನ ಊಟವನ್ನು ಇಲ್ಲಿಗೆ ತರುವ ಬದಲು ಇಲ್ಲಿನ ರೀತಿಗೆ ತಾವೇ ಒಗ್ಗಿಕೊಂಡವರು ಅವರು.

ಗುಡ್ಡೆ ಬಾಡಿನ ಲೆಕ್ಕ

ಮಾಂಸದ ಸಾರಿನ ವಿಷಯಕ್ಕೆ ಬಂದರೆ ಯುಗಾದಿಯ ಮರುದಿನದ ಹೊಸತೊಡಕನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕನಕಪುರದ ಕಡೆಯ ಹಳ್ಳಿಗಳಲ್ಲಿ ಅಂದು ಬಾಡೂಟವಿಲ್ಲದ ಬೀದಿ ಅಪರೂಪ. ಹತ್ತಾರು ಮನೆಯವರು ಹಣ ಕೂಡಿಸಿ ಕುರಿ, ಮೇಕೆ ತಂದು, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಾಕಿ ಹಂಚಿಕೊಳ್ಳುತ್ತಾರೆ. ಇದೇ ಗುಡ್ಡೆ ಬಾಡು. ಪ್ರತಿ ಗುಡ್ಡೆಯಲ್ಲೂ ತೊಡೆ ಇರಬೇಕು, ಎದೆ ಇರಬೇಕು, ಮೂಳೆ, ಈಲಿ ಎಲ್ಲವೂ ಇರಬೇಕು. ಒಬ್ಬರಿಗೆ ಎಳೆಯದು, ಇನ್ನೊಬ್ಬರಿಗೆ ಗಟ್ಟಿ ಎಂಬ ಭೇದಕ್ಕೆ ಅಲ್ಲಿ ಜಾಗವಿಲ್ಲ. ಪಕ್ಕದ ಮಳವಳ್ಳಿ ತಾಲ್ಲೂಕು ಬಂಡೂರು ಕುರಿಯ ತವರು. ಗಿಡ್ಡ ಕಾಲಿನ, ಮೈತುಂಬಿಕೊಂಡ ಆ ಕುರಿಯ ರುಚಿಗೆ ಈ ಕಡೆಯಲ್ಲೆಲ್ಲ ಹೆಸರಿದೆ.

ಹೀಗೆ ಬಗೆಬಗೆಯ ತುಂಡುಗಳು ಒಟ್ಟಿಗೆ ಬಂದಾಗ ಅಡುಗೆಯವರಿಗೆ ಉಳಿಯುವ ದಾರಿ ಒಂದೇ: ನಿಧಾನವಾಗಿ ಬೇಯಿಸುವುದು. ವಿದ್ಯಾರ್ಥಿಗಳು ಇದರ ಕಾರಣವನ್ನು ತಿಳಿದರೆ ಚೆಂದ. ಹೆಚ್ಚು ಓಡಾಡಿದ ಪ್ರಾಣಿಯ ಕಾಲು, ಕತ್ತಿನ ಮಾಂಸದಲ್ಲಿ ಕೊಲಾಜನ್ ಎಂಬ ಗಟ್ಟಿ ಪ್ರೋಟೀನು ಹೆಚ್ಚು. ಬಿಸಿ ಸುಮಾರು 70 ಡಿಗ್ರಿ ಸೆಲ್ಷಿಯಸ್ ದಾಟಿದ ಮೇಲೆ ಅದು ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಗಟ್ಟಿ ಮಾಂಸ ಮೆತ್ತಗಾಗುವುದೂ ಸಾರು ತುಟಿಗೆ ಅಂಟುವಂತಾಗುವುದೂ ಇದರಿಂದಲೇ. ಅವಸರಪಟ್ಟು ಜೋರಾಗಿ ಕುದಿಸಿದರೆ ಮಾಂಸದ ನಾರು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹಾಕುತ್ತದೆ. ಆಗ ಬಾಡು ನಾರುನಾರಾಗುತ್ತದೆ.

ಮಿಕ್ಕದ್ದರಲ್ಲೂ ಎರಡು ಅಡುಗೆಗಳ ನಂಟು ಕಾಣುತ್ತದೆ. ರಸ ಮಂದವಾಗಲು ಫ್ರೆಂಚರು ಬೆಣ್ಣೆಯಲ್ಲಿ ಹುರಿದ ಹಿಟ್ಟು ಹಾಕಿದರೆ ಇಲ್ಲಿ ಹುರಿಗಡಲೆ, ಗಸಗಸೆ, ಕಾಯಿ. ಅವರಿಗೆ ದ್ರಾಕ್ಷಾರಸದ ಹುಳಿ. ಇಲ್ಲಿ ಟೊಮೆಟೊ ಅಥವಾ ಹುಣಸೆ. ಮಾಂಸವನ್ನು ಮೊದಲು ಬಾಡಿಸಿ ಕಂದು ಬಣ್ಣಕ್ಕೆ ತರುವುದು ಎರಡೂ ಕಡೆ ಉಂಟು.

ಇನ್ನು ಕುಕ್ಕರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ರಾಮನಗರದಲ್ಲಿ ನೀರು 100 ಡಿಗ್ರಿಗಿಂತ ಎರಡು, ಮೂರು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದ ಅದು 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಎರಡೂವರೆ ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯುವುದು ಹೀಗೆ. ಇದರ ಮೂಲಪುರುಷನೂ ಒಬ್ಬ ಫ್ರೆಂಚನೇ. ಬ್ಲುವಾ ಊರಿನ ಡೆನಿ ಪಪ್ಯಾ 1679ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆಯೊಂದನ್ನು ಮಾಡಿ ತೋರಿಸಿದ. ಪಾತ್ರೆ ಸಿಡಿಯದಿರಲು ಹಬೆ ಬಿಡುವ ಕವಾಟವನ್ನೂ ಇಟ್ಟ. ಮನೆಯ ಕುಕ್ಕರು ಸೀಟಿ ಹೊಡೆದಾಗಲೆಲ್ಲ ಅವನ ನೆನಪಾಗಬೇಕು.

ಮಾಗಡಿಯ ಸೊಗಡು

ಕೆಂಪೇಗೌಡರ ಕೋಟೆಯೂ ಸೋಮೇಶ್ವರನ ಗುಡಿಯೂ ಇರುವ ಮಾಗಡಿಗೆ ಚಳಿಗಾಲದಲ್ಲಿ ಇನ್ನೊಂದು ಹೆಸರು ಸೇರುತ್ತದೆ: ಅವರೆಕಾಯಿ. ಮಾರ್ಗಶಿರದ ಮಂಜು ಬಿದ್ದ ಮೇಲೆ ಕಾಯಿಗೆ ಸೊಗಡು ಏರುತ್ತದೆ. ಬಿಡಿಸಿದವರ ಬೆರಳಿನಿಂದ ಆ ವಾಸನೆ ದಿನವಿಡೀ ಹೋಗದು. ಕಾಳನ್ನು ನೆನೆಹಾಕಿ, ಒಂದೊಂದಾಗಿ ಹಿಸುಕಿ ಸಿಪ್ಪೆ ತೆಗೆದರೆ ಹಿದುಕಬೇಳೆ. ಅದನ್ನು ಬಾಡಿನ ಜೊತೆ ಬೇಯಿಸಿದ ಸಾರಿಗೆ ಸಮನಾದದ್ದು ಚಳಿಗಾಲದಲ್ಲಿ ಇನ್ನೊಂದಿಲ್ಲ ಎನ್ನುವವರೇ ಹೆಚ್ಚು. ದಕ್ಷಿಣ ಫ್ರಾನ್ಸಿನವರು ಬಿಳಿ ಹುರುಳಿಕಾಯಿ ಬೀಜವನ್ನು ಮಾಂಸದೊಡನೆ ಗಂಟೆಗಟ್ಟಲೆ ಬೇಯಿಸಿ ‘ಕಾಸುಲೆ’ ಮಾಡುತ್ತಾರೆ. ಕಾಳು ಬಾಡಿನ ರಸ ಹೀರುತ್ತದೆ, ಸ್ವಲ್ಪ ಬಾಡು ಇಡೀ ಮನೆಗೆ ಸಾಲುತ್ತದೆ. ಲೆಕ್ಕ ಅಲ್ಲಿಯೂ ಅದೇ, ಇಲ್ಲಿಯೂ ಅದೇ.

ಮುದ್ದೆಯ ಮರ್ಯಾದೆ

ಫ್ರೆಂಚರು ತಟ್ಟೆಯಲ್ಲುಳಿದ ರಸವನ್ನು ರೊಟ್ಟಿಯಿಂದ ಒರೆಸಿ ತಿಂದರೆ ಇಲ್ಲಿ ಆ ಕೆಲಸ ಮುದ್ದೆಯದು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಬೀಸುವ ಕಲ್ಲು, ಒನಕೆ, ಮಣ್ಣಿನ ಗಡಿಗೆಗಳಂಥ ಹಳೆಯ ಮನೆಬಳಕೆಯ ವಸ್ತುಗಳನ್ನು ಮಕ್ಕಳು ಅಲ್ಲಿ ಕಣ್ಣಾರೆ ನೋಡಬಹುದು. ಹಿಟ್ಟು ತೊಳಸುವ ಕೋಲು, ಪಾತ್ರೆ ಅಲ್ಲಾಡದಂತೆ ಒತ್ತಿ ಹಿಡಿಯುವ ಕವೆಗೋಲು ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಕೆಲಸದಲ್ಲಿವೆ. ಚನ್ನಪಟ್ಟಣದ ಕುಶಲಿಗಳು ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಆಟಿಕೆಗಳಲ್ಲಿ ಪುಟ್ಟ ಅಡುಗೆ ಸಾಮಾನುಗಳೂ ಇವೆ. ಮಕ್ಕಳ ಆಟದ ಅಡುಗೆ ಅಲ್ಲಿಂದಲೇ ಶುರು.

ರಾಗಿಯನ್ನು ಬಡವರ ಧಾನ್ಯವೆಂದು ಕೀಳಾಗಿ ಕಂಡ ಕಾಲವಿತ್ತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬಿದ್ದು, ರಾಮನ ಎದುರು ಗೆಲ್ಲುವುದು ರಾಗಿ. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರೈತರ ಇಳುವರಿ ಏರಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆ ಬಂತು.

ಮಡಕೆ ಆರುವ ಮೊದಲು

ಇಷ್ಟೆಲ್ಲ ಇದ್ದೂ ಈ ಅಡುಗೆ ಇಂದು ಇಕ್ಕಟ್ಟಿನಲ್ಲಿದೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣದ ಒಳಗೆ ಹಾಯದೆಯೇ ವಾಹನಗಳು ಸಾಗುತ್ತವೆ. ಹಳೆಯ ರಸ್ತೆಯ ಬದಿಯ ಊಟದ ಮನೆಗಳಿಗೂ ಬೊಂಬೆ ಅಂಗಡಿಗಳಿಗೂ ಅದರ ಬಿಸಿ ತಟ್ಟಿದೆ. ಆದರೆ ಹೆಚ್ಚಿನ ಆತಂಕ ಮನೆಯೊಳಗಿನದು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಕಾಳು ನೆನೆಹಾಕಲು ನೆನಪಿರುವುದಿಲ್ಲ. ಓದಲು ಬೆಂಗಳೂರಿನ ಹಾಸ್ಟೆಲು, ಪೇಯಿಂಗ್ ಗೆಸ್ಟ್ ಮನೆ ಸೇರುವ ಹುಡುಗ ಹುಡುಗಿಯರಿಗೆ ಪಟಪಟನೆ ಆಗುವ ನೂಡಲ್ಸು ಗೊತ್ತು, ಬಸ್ಸಾರು ಗೊತ್ತಿಲ್ಲ. ಅಜ್ಜಿಯ ಅಳತೆ ಯಾವ ಪುಸ್ತಕದಲ್ಲೂ ಇಲ್ಲ; ಅವರ ಕೈಯಲ್ಲಿದೆ. ಆ ಕೈ ನಿಂತರೆ ಅಳತೆಯೂ ನಿಂತಿತು.

ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಹುದು. ಫ್ರೆಂಚರ ಮಡಕೆಯನ್ನೇ ಇಲ್ಲಿನ ಮನೆಗೆ ಒಗ್ಗಿಸಿ ನೋಡುವ ಆಸೆಯಿದ್ದರೆ ಹೀಗೆ ಮಾಡಬಹುದು. ಅರ್ಧ ಕೆ.ಜಿ. ಕುರಿಯ ಕಾಲು, ಕತ್ತಿನ ಮಾಂಸವನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ. ಒಂದೂವರೆ ಲೀಟರು ನೀರು, ಹತ್ತು ಸಾಂಬಾರು ಈರುಳ್ಳಿ, ನಾಲ್ಕು ಲವಂಗ, ಆರು ಕಾಳು ಮೆಣಸು, ಒಂದು ಪಲಾವ್ ಎಲೆ, ಉಪ್ಪು ಹಾಕಿ. ಮೇಲೆ ಬರುವ ನೊರೆ ತೆಗೆದು, ಮುಚ್ಚಳವನ್ನು ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಆಮೇಲೆ ಎರಡು ಕ್ಯಾರೆಟ್, ಒಂದು ನವಿಲುಕೋಸು, ಎರಡು ಆಲೂಗಡ್ಡೆಯನ್ನು ದಪ್ಪ ಹೋಳು ಮಾಡಿ ಹಾಕಿ, ಇನ್ನರ್ಧ ಗಂಟೆ ಬೇಯಿಸಿ. ಮೊದಲು ರಸ ಬಸಿದು ಬಟ್ಟಲಿಗೆ, ನಂತರ ಮಾಂಸ, ತರಕಾರಿ ತಟ್ಟೆಗೆ. ಅಂಚಿಗೆ ಉಪ್ಸಾರಿನ ಖಾರ, ಪಕ್ಕದಲ್ಲಿ ಬಿಸಿ ಮುದ್ದೆ. ಮಾಂಸ ತಿನ್ನದ ಮನೆಯವರು ಅವರೆಕಾಳಿನಲ್ಲಿ ಇದನ್ನೇ ಮಾಡಬಹುದು. ಹೊತ್ತು ಅರ್ಧ ಸಾಕು.

ಮಗ ಒಲೆಯ ಮುಂದೆ ನಿಂತರೆ ತಂದೆ ತಾಯಿ ಬೇಡವೆನ್ನಬಾರದು. ಊರು ಬಿಟ್ಟು ಹೋಗುವ ಮಕ್ಕಳ ಚೀಲಕ್ಕೆ ಕಟ್ಟಿಕೊಟ್ಟ ಉಪ್ಪಿನಕಾಯಿ ತಿಂಗಳಲ್ಲಿ ಮುಗಿಯುತ್ತದೆ. ಕಲಿಸಿಕೊಟ್ಟ ಒಂದು ಸಾರು ಮುಗಿಯುವುದಿಲ್ಲ.

ಹೋಗುವವರಿಗೆ: ಬೆಂಗಳೂರಿನಿಂದ ರಾಮನಗರ, ಮಾಗಡಿ ತಲಾ ಸುಮಾರು 50 ಕಿ.ಮೀ., ಕನಕಪುರ 55, ಚನ್ನಪಟ್ಟಣ 60. ರಾಮನಗರ, ಚನ್ನಪಟ್ಟಣಕ್ಕೆ ರೈಲು ಇದೆ. ನಾಲ್ಕೂ ಊರಿಗೆ ಬಸ್ಸುಗಳಿವೆ. ಅವರೆಯ ಸೊಗಡು ಬೇಕೆನ್ನುವವರು ಡಿಸೆಂಬರ್, ಜನವರಿಯಲ್ಲಿ ಹೊರಡುವುದು ಒಳ್ಳೆಯದು. ಹೊಸ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದರೆ ಊರುಗಳೂ ಸಿಗುತ್ತವೆ, ಊಟವೂ ಸಿಗುತ್ತದೆ.