ಕುತ್ತಿಗೆ ಬಾಗಿದ ಹಣ್ಣು

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಬೆಳಗಿನ ವ್ಯಾಪಾರ ಈಗಷ್ಟೇ ಶುರುವಾಗಿದೆ. ಫೆಬ್ರವರಿ ತಿಂಗಳು, ಬಿಸಿಲು ಇನ್ನೂ ಬಲಿತಿಲ್ಲ. ಬುಟ್ಟಿಯ ತಳಕ್ಕೆ ಹಸಿರೆಲೆ ಹಾಸಿ ಅದರ ಮೇಲೆ ಅಂಜೂರ ಜೋಡಿಸಿಕೊಂಡು ಕೂತಾಕೆ ನಿಮ್ಮ ಕೈ ಹಣ್ಣಿನ ಕಡೆ ಹೋಗುತ್ತಲೇ ತಡೆಯುತ್ತಾಳೆ. "ಹಿಚುಕಬ್ಯಾಡ್ರಿ, ನಾನೇ ಆರಿಸಿ ಕೊಡ್ತೀನಿ." ಆಕೆ ಕೊಟ್ಟ ಹಣ್ಣು ಸ್ವಲ್ಪ ಗಟ್ಟಿ, ಬಾಯಿಗಿಟ್ಟರೆ ಹದವಾದ ಸಿಹಿ. ಚೆನ್ನಾಗಿಯೇ ಇದೆ. ಎಲ್ಲಿಯದು ಅಂತ ಕೇಳುತ್ತೀರಿ. "ಕುರುಗೋಡಿಂದು. ಇನ್ನೆಲ್ಲಿಂದು?"

ಹಾಗಾದರೆ ಕುರುಗೋಡಿಗೇ ಹೋಗೋಣ.

ಬಸ್ಸಿಳಿದರೆ ಎದುರಿಗೆ ಗುಡ್ಡದ ಬಂಡೆಗಳು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಸಿಂದರು, ಏಕಶಿಲೆಯ ದೊಡ್ಡ ಬಸವಣ್ಣ, ಇವೆಲ್ಲ ಊರಿನ ಹೆಸರಿನ ಜೊತೆಗೇ ಬರುವ ಸಂಗತಿಗಳು. ಇವತ್ತು ನಿಮ್ಮ ದಾರಿ ಗುಡಿಯ ಕಡೆಗಲ್ಲ, ತೋಟದ ಬದುವಿನ ಕಡೆಗೆ. ಮುಂದೆ ನಡೆಯುತ್ತಿರುವ ತೋಟದ ಅಜ್ಜ ಸಾಲಿನೊಳಗೆ ಕಾಲಿಡುವ ಮುಂಚೆ ತಿರುಗಿ ನಿಮ್ಮ ತೋಳು ನೋಡುತ್ತಾರೆ. "ತುಂಬುತೋಳಿನ ಅಂಗಿ ಹಾಕ್ಕೊಂಡು ಬಂದೀರಿ, ಛಲೋ ಆತು. ಎಲಿ ತಾಗಿದ್ರೆ ಮೈ ತುರಸ್ತೈತಿ."

ಗಿಡಗಳು ನಿಮ್ಮ ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ. ಎಲೆ ಅಗಲ, ಬೆರಳು ಬಿಡಿಸಿಟ್ಟ ಅಂಗೈಯ ಹಾಗೆ ಸೀಳಿದೆ. ಸವರಿದರೆ ಒರಟು. ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದು ಕಾಯಿ. ಕೆಳಗಿನದು ದಪ್ಪ, ಮೇಲೆ ಹೋದಂತೆ ಚಿಕ್ಕದು, ತುದಿಯಲ್ಲಿ ಬಟಾಣಿಯಷ್ಟು. ಒಂದೇ ರೆಂಬೆಯಲ್ಲಿ ಇವತ್ತಿನದು, ಬರುವ ವಾರದ್ದು, ಬರುವ ತಿಂಗಳದ್ದು ಒಟ್ಟಿಗೇ ಕೂತಿವೆ. ಒಮ್ಮೆಗೇ ಬುಟ್ಟಿಗಟ್ಟಲೆ ಹಣ್ಣಾಗಿ ಬೀಳುವ ಗಿಡ ಇದಲ್ಲ. ದಿನಾ ನಾಲ್ಕೆಂಟು ಹಣ್ಣು ಕೊಡುತ್ತಾ ಹೋಗುವ ಗಿಡ. ಮನೆಗೆ ಇದಕ್ಕಿಂತ ಒಪ್ಪುವುದು ಯಾವುದಿದೆ?

ನೀವು ಕೈ ಹಾಕಿದ ಕಾಯಿ ನೆಟ್ಟಗೆ ನಿಂತಿದೆ. ಅಜ್ಜ ತಲೆಯಾಡಿಸುತ್ತಾರೆ. "ಅದು ಬ್ಯಾಡ್ರಿ. ಕುತ್ತಿಗಿ ಬಾಗಿದ್ದು ನೋಡ್ರಿ." ಎಲೆ ಸರಿಸಿ ಒಂದನ್ನು ತೋರಿಸುತ್ತಾರೆ. ತೊಟ್ಟು ಸೋತು ಹಣ್ಣು ಕೆಳಗೆ ಜೋತುಬಿದ್ದಿದೆ. ಕಂದುಗೆಂಪು ಸಿಪ್ಪೆಯ ಮೇಲೆ ಬಿಳಿ ಗೆರೆಗಳಂಥ ಸಣ್ಣ ಬಿರುಕು. ಬುಡದ ಕಣ್ಣಿನಲ್ಲಿ ಒಂದು ಹನಿ ಜೇನು ಬಣ್ಣದ ರಸ. ಮೆಲ್ಲಗೆ ಮೇಲಕ್ಕೆತ್ತಿದರೆ ಸಾಕು, ಕೈಗೇ ಬರುತ್ತದೆ. ಪಕ್ಕದ ಗಟ್ಟಿ ಕಾಯಿಯನ್ನು ಅಜ್ಜ ಬೇಕಂತಲೇ ಕಿತ್ತು ತೋರಿಸುತ್ತಾರೆ: ತೊಟ್ಟಿನಿಂದ ದಪ್ಪ ಬಿಳಿ ಹಾಲು ಒಸರುತ್ತದೆ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಬಿಸಿಲು ಬಿದ್ದರೆ ಗುಳ್ಳೆ ಏಳುವುದೂ ಉಂಟು. ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು.

ಬಾಗಿದ ಹಣ್ಣನ್ನು ಈಗ ತಿನ್ನಿ. ರಾತ್ರಿಯ ತಂಪು ಅದರೊಳಗೆ ಇನ್ನೂ ಉಳಿದಿದೆ. ಸಿಪ್ಪೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸಣ್ಣ ಬೀಜಗಳು ಹಲ್ಲಿನ ನಡುವೆ ಚಿಟಚಿಟ ಅನ್ನುತ್ತವೆ. ಬೆಂಗಳೂರು ರಸ್ತೆಯಲ್ಲಿ ತಿಂದದ್ದು ಇದೇ ಊರಿನದು, ಇದೇ ತಳಿಯದು. ರುಚಿ ಮಾತ್ರ ಬೇರೆ. ಬಾಳೆ, ಮಾವು ಕಿತ್ತ ಮೇಲೂ ಹಣ್ಣಾಗುತ್ತವೆ, ಅಂಜೂರ ಆಗುವುದಿಲ್ಲ. ಗಿಡದಿಂದ ಬಿಟ್ಟ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ. ಪೂರ್ತಿ ಹಣ್ಣಾದದ್ದು ಬುಟ್ಟಿಯಲ್ಲಿ ಒಂದು ದಿನ ತಾಳುವುದೂ ಕಷ್ಟ, ಹಾಗಾಗಿ ಪೇಟೆಗೆ ಹೋಗುವುದನ್ನು ಸ್ವಲ್ಪ ಮುಂಚೆಯೇ ಕೀಳಬೇಕು. ಮಾರುವವರ ತಪ್ಪಲ್ಲ ಅದು, ಹಣ್ಣಿನ ಗುಣ. ನಿಜವಾದ ಅಂಜೂರ ಸಿಗುವುದು ಹಿತ್ತಲಲ್ಲಿ ಗಿಡ ಇದ್ದವರಿಗೆ. ಈ ಜಿಲ್ಲೆಯಲ್ಲಿ ಅಂಗೈಯಗಲ ಜಾಗ ಇರುವ ಯಾರೂ ಅದನ್ನು ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಅಜ್ಜ ಇನ್ನೊಂದನ್ನು ಸೀಳಿ ಕೊಡುತ್ತಾರೆ. ಒಳಗೆ ಕೆಂಪು ಎಳೆಗಳ ಗೊಂಚಲು. ಅವು ಹೂವುಗಳು, ನೂರಾರು, ಒಳಮುಖವಾಗಿ ಅರಳಿದವು. ಅತ್ತಿ, ಆಲ, ಅರಳಿ, ಬಸರಿ ಎಲ್ಲ ಈ ಕುಲದವೇ. ಯಾವುದರ ಹೂವೂ ಹೊರಗೆ ಕಾಣದು. ಅತ್ತಿಹಣ್ಣಿನಲ್ಲಿ ಹುಳ ಇರುತ್ತದೆ, ಇದರಲ್ಲೂ ಇದ್ದೀತೇ ಅಂತ ನಿಮಗೆ ಅನುಮಾನ. ಆ ಹುಳ ಅಂದರೆ ಪರಾಗ ತರುವ ಕಣಜ. ಟರ್ಕಿಯ ಸ್ಮಿರ್ನಾ ಜಾತಿಗೆ ಅಂಥ ಕಣಜ ಬೇಕೇ ಬೇಕು. ಕ್ಯಾಲಿಫೋರ್ನಿಯಾದವರು ಆ ಜಾತಿ ನೆಟ್ಟು, ಕಾಯಿ ಉದುರುವುದನ್ನು ವರ್ಷಗಟ್ಟಲೆ ನೋಡಿ, ಕೊನೆಗೆ 1899ರಲ್ಲಿ ಆ ಕಣಜವನ್ನೇ ತಂದು ನೆಲೆಗೊಳಿಸಿದರು. ನಮ್ಮಲ್ಲಿ ಬೆಳೆಯುವ ತಳಿಗೆ ಆ ಹಂಗಿಲ್ಲ. ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುತ್ತದೆ. ಒಂಟಿ ಗಿಡ ಸಾಕು.

ಹೀಗೆ ತಾನೇ ಹಣ್ಣಾಗುವ ಅಂಜೂರದ ಬೀಜ ನೆಟ್ಟು ಪ್ರಯೋಜನವಿಲ್ಲ, ಕಡ್ಡಿಯನ್ನೇ ನೆಡಬೇಕು. ಜೋರ್ಡನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು 11,400 ವರ್ಷ ಹಿಂದಿನ ಸುಟ್ಟ ಅಂಜೂರಗಳು ಸಿಕ್ಕವು. ಅವೂ ಈ ಬಗೆಯವೇ, ಧಾನ್ಯ ಬಿತ್ತುವುದಕ್ಕಿಂತ ಮುಂಚೆಯೇ ಜನ ಇದರ ಕಡ್ಡಿ ಮುರಿದು ನೆಟ್ಟಿದ್ದಾರೆ ಅಂತ 2006ರಲ್ಲಿ ಸಂಶೋಧಕರು ವಾದಿಸಿದರು. ಎಲ್ಲರೂ ಆ ವಾದ ಒಪ್ಪಿಲ್ಲ. ಆದರೆ ಅಜ್ಜನ ಕೈಯಲ್ಲಿರುವ ಕಡ್ಡಿಯನ್ನು ನೋಡಿದರೆ ನಂಬಬೇಕೆನಿಸುತ್ತದೆ, ಅಷ್ಟು ಸುಲಭ ಅದು. ಕಳೆದ ವರ್ಷ ಬಲಿತ ರೆಂಬೆ, ಬೆರಳು ದಪ್ಪ, ಗೇಣಿಗಿಂತ ಸ್ವಲ್ಪ ಉದ್ದ, ನಾಲ್ಕೈದು ಕಣ್ಣು. ಮಳೆ ನಿಂತ ಮೇಲೆ ಗಿಡ ಸವರುವಾಗ ಹೀಗೆ ಕತ್ತರಿಸಿ, ಎರಡು ಕಣ್ಣು ಮೇಲೆ ಬಿಟ್ಟು, ಮಣ್ಣು ತುಂಬಿದ ಚೀಲದಲ್ಲಿ ಊರಿಟ್ಟದ್ದು ಈಗ ಗೇಣುದ್ದ ಚಿಗುರಿ ನೆರಳಲ್ಲಿ ನಿಂತಿದೆ. ಎರಡು ಚೀಲ ನಿಮ್ಮ ಕೈಗೆ ಬರುತ್ತವೆ. ಜೊತೆಗೆ ಉದುರಿದ ಒಂದು ಹಳೆಯ ಎಲೆ. ಮಗುಚಿ ನೋಡಿ, ಕೆಳಗೆ ಕಂದು ಪುಡಿ. "ತುಕ್ಕು ರೋಗ. ಮಳಿಗಾಲದಾಗ ಬರ್ತೈತಿ. ಉದುರಿದ ಎಲಿ ಗಿಡದ ಬುಡಕ್ಕ ಬಿಡಬ್ಯಾಡ್ರಿ, ಆರಿಸಿ ಸುಟ್ಟುಬಿಡ್ರಿ. ಮಳಿ ಹಿಡಿಯೋಕ್ಕಿಂತ ಮುಂಚೆ ಬೋರ್ಡೋ ಹೊಡೀರಿ." ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮನೆಯ ಎರಡು ಗಿಡಕ್ಕೆ ಐದು ಲೀಟರ್ ನೀರಿಗೆ ಐವತ್ತೈವತ್ತು ಗ್ರಾಂ ಸಾಕು.

ಆ ಎರಡು ಚೀಲ ಹಿಡಿದು ಮಧ್ಯಾಹ್ನ ಸಿರುಗುಪ್ಪದ ಚಿಗವ್ವನ ಮನೆ ಕಡೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ, ಅದರ ಆಚೀಚೆ ಭತ್ತದ ಗದ್ದೆ, ಎರೆಮಣ್ಣು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದೆಂದು ಇಲ್ಲಿ ನಿಂತವರಿಗೆ ಅನಿಸುವುದಿಲ್ಲ. ಅಂಜೂರಕ್ಕೆ ಈ ಸೀಮೆಯ ಒಣ ಗಾಳಿ, ಸುಡುಬಿಸಿಲು ಇಷ್ಟ. ಸ್ವಲ್ಪ ಸವಳು ನೆಲವನ್ನೂ ತಾಳುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ.

ಚಿಗವ್ವನ ಮನೆಯ ಹಿತ್ತಲಲ್ಲಿ ಕುಣಿ ಆಗಲೇ ತೋಡಿಸಿದೆ, ಬಚ್ಚಲ ಗೋಡೆಗೆ ಒತ್ತಿಕೊಂಡು. "ಬಚ್ಚಲ ನೀರು ಹರೀತೈತಲ್ಲ, ಅಲ್ಲೇ ಇರ್ಲಿ" ಅನ್ನುವುದು ಆಕೆಯ ಲೆಕ್ಕ. ಒಪ್ಪಬೇಡಿ. ಈ ಬೇರು ನೀರು ಹುಡುಕಿಕೊಂಡು ಕೊಳವೆಯೊಳಗೆ ನುಗ್ಗುವಂಥದು, ಜೊತೆಗೆ ಎರೆಮಣ್ಣಿನಲ್ಲಿ ಬಚ್ಚಲ ನೀರು ನಿಂತೇ ನಿಲ್ಲುತ್ತದೆ. ಗೋಡೆಯಿಂದ ಹತ್ತು ಹನ್ನೆರಡು ಅಡಿ ಆಚೆ, ದಿನವಿಡೀ ಬಿಸಿಲು ಬೀಳುವ ಕಡೆ ಹೊಸ ಕುಣಿ: ಎರಡಡಿ ಅಗಲ, ಎರಡಡಿ ಆಳ. ತಳಕ್ಕೆ ಗರಸು ಸುರಿಯಿರಿ. ಅಗೆದ ಮಣ್ಣಿಗೆ ಕೆಂಪು ಮಸಾರಿ ಮಣ್ಣು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ನೆಲಕ್ಕಿಂತ ಒಂದಡಿ ದಿಬ್ಬ ಮಾಡಿ. ಚೀಲ ಸೀಳಿ ಮಣ್ಣುಗಡ್ಡೆ ಒಡೆಯದ ಹಾಗೆ ದಿಬ್ಬದ ನಡುವೆ ಇಳಿಸಿ ಮೆಲ್ಲಗೆ ತುಳಿಯಿರಿ. ಪಡುವಣದ ಬಿಸಿಲಿಗೆ ಅಡ್ಡವಾಗಿ ತೆಂಗಿನ ಗರಿ ನೆಡಿ, ಬುಡಕ್ಕೆ ಭತ್ತದ ಹುಲ್ಲು ಹೊದಿಸಿ. ಏಪ್ರಿಲ್‌ನಲ್ಲಿ ಉಷ್ಣತೆ ನಲವತ್ತು ದಾಟುವಾಗ ಎಳೆ ಗಿಡಕ್ಕೆ ಇದೇ ಆಸರೆ.

ಚಿಗವ್ವ ಕೊಡ ತುಂಬಿಕೊಂಡು ಬರುತ್ತಾಳೆ. ಇನ್ನೊಂದು ಕೊಡಕ್ಕೆ ಹೊರಟಾಗ ಸಾಕು ಅನ್ನಿ.

"ಯಾವಾಗ ಹಣ್ಣು ಬಿಡ್ತೈತಿ?"

ಎರಡನೇ ವರ್ಷಕ್ಕೆ. ಈ ವರ್ಷ ಕಾಯಿ ಕಂಡರೂ ಚಿವುಟಿಬಿಡಬೇಕು, ಮೊದಲು ಬೇರು ಕೂರಲಿ. ಸೊಂಟದೆತ್ತರಕ್ಕೆ ಬಂದಾಗ ತುದಿ ಮುರಿದರೆ ನಾಲ್ಕೈದು ರೆಂಬೆ ಒಡೆಯುತ್ತವೆ. ಆಮೇಲೆ ಪ್ರತಿ ವರ್ಷ ಮಳೆ ಹೋದ ಮೇಲೆ ಸವರಬೇಕು, ಹೊಸ ಚಿಗುರಿನಲ್ಲೇ ಕಾಯಿ ಕೂರುವುದು. ಸವರಿದ ನಾಲ್ಕೈದು ತಿಂಗಳಿಗೆ ಹಣ್ಣು.

"ಕಡಿಯೋದಾ? ಬೆಳೆದ ಗಿಡಾನ?" ಚಿಗವ್ವನಿಗೆ ಈ ಮಾತು ಹಿಡಿಸುವುದಿಲ್ಲ. ಸವರದೆ ಬಿಟ್ಟ ಗಿಡ ಮೇಲಕ್ಕೆ ಹೋಗಿ ತುದಿಯಲ್ಲಷ್ಟೇ ಕಾಯಿ ಬಿಡುತ್ತದೆ, ಅದು ಗಿಳಿ ಬಾವಲಿಗಳ ಪಾಲು ಅಂದಾಗ ಸ್ವಲ್ಪ ಯೋಚಿಸುತ್ತಾಳೆ. "ಹಂಗಾದ್ರ ಕಡಿಯೋಣ. ಹಣ್ಣಿಗೆ ಹಳೇ ಸೀರಿ ಹರಿದು ಚೀಲ ಹೊಲಿದು ಕಟ್ತೀನಿ." ಅಲ್ಲಿಗೆ ಎರಡನೆಯ ಚೀಲದ ಗಿಡದ ಮಾತು ಬರುತ್ತದೆ. ಪಕ್ಕದ ಮನೆಯವರಿಗೆ ಹಿತ್ತಲಿಲ್ಲ, ಮಾಳಿಗೆ ಇದೆ. ತಳಕ್ಕೆ ತೂತು ಹೊಡೆದ ಅರ್ಧ ಡ್ರಮ್ಮಿನಲ್ಲೂ ಅಂಜೂರ ಬದುಕುತ್ತದೆ, ಬೇಸಿಗೆಯಲ್ಲಿ ದಿನಾ ನೀರು ಹಾಕುವವರು ಇದ್ದರೆ. ಚಿಗವ್ವ ಗೋಡೆಯಾಚೆಗೆ ಕೂಗುತ್ತಾಳೆ: "ಅಕ್ಕಾ, ನಿಮ್ಮನ್ಯಾಗ ಹಳೇ ಡ್ರಮ್ಮು ಐತೇನು?"