ಜೋಳಿಗೆ ಮತ್ತು ಸಂಶಯ

ಗಡಿಯಾಚೆಗಿದ್ದೂ ಕನ್ನಡದ ನುಡಿಯನ್ನು ಉಳಿಸಿಕೊಂಡಿರುವ ನೆಲ ಹೊಸೂರು ಮಗ್ಗುಲಿನ ಮತ್ತಿಗಿರಿ. ಶಂಖ ಜಾಗಟೆಯ ದಾಸಯ್ಯನಿಗೂ ಕೋಲೆಬಸವನಿಗೂ ಮೊರದಲ್ಲಿ ಅಕ್ಕಿ ತಂದು ನೀಡುವುದು ಈ ಸೀಮೆಯ ವಾಡಿಕೆ. ಅದೇ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದವನೂ ಬರುತ್ತಾನೆ. ಯಾರೂ ಕಾಣದ ಊರಿನ ಗುಡಿಯ ಜೀರ್ಣೋದ್ಧಾರಕ್ಕೆಂದು ಕೇಳುತ್ತಾನೆ. ನೀಡುವ ಕೈ ಅರೆಗಳಿಗೆ ತಡೆಯುತ್ತದೆ.

ಈ ತಡೆಗೆ ದೀರ್ಘ ಇತಿಹಾಸವಿದೆ. 17 ಮತ್ತು 18ನೆಯ ಶತಮಾನಗಳಲ್ಲಿ ಜೆರುಸಲೇಮ್, ಹೆಬ್ರೋನ್, ಸಫೇದ್ ನಗರಗಳ ಬಡ ಯೆಹೂದ್ಯರು ದೂರದೇಶಗಳ ಸ್ವಧರ್ಮೀಯರಲ್ಲಿಗೆ ದೂತರನ್ನು ಕಳುಹಿಸಿ ಧನ ಸಂಗ್ರಹಿಸುತ್ತಿದ್ದರು. ದೂತನ ಕೈಯಲ್ಲಿ ಗುರುಗಳ ಸಹಿಯುಳ್ಳ ಅಧಿಕಾರಪತ್ರವಿರುತ್ತಿತ್ತು. ಪತ್ರವೇ ಪ್ರಮಾಣವಾದೊಡನೆ ಖೋಟಾ ಪತ್ರಗಳೂ ಹುಟ್ಟಿದವು. ಅವರ ತಾಲ್ಮುದ್ ಗ್ರಂಥ ಈ ಇಕ್ಕಟ್ಟನ್ನು ಬಹು ಹಿಂದೆಯೇ ಚರ್ಚಿಸಿತ್ತು. ಬಟ್ಟೆ ಬೇಡಿದವನನ್ನು ವಿಚಾರಿಸಬಹುದು, ಹಸಿದೆನೆಂದವನಿಗೆ ವಿಚಾರಿಸದೆ ಉಣಬಡಿಸಬೇಕು ಎಂಬ ಮತ ಅಲ್ಲಿ ಮನ್ನಣೆ ಪಡೆಯಿತು. ಹಸಿವಿಗೆ ಕಾಯುವ ವ್ಯವಧಾನವಿಲ್ಲ.

ಕನ್ನಡದ ಮನಸ್ಸು ಇದೇ ಪ್ರಶ್ನೆಯನ್ನು ಪುರಂದರದಾಸರ ಬದುಕಿನಲ್ಲಿ ಕಂಡಿದೆ. ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನನ್ನು ಶ್ರೀನಿವಾಸ ನಾಯಕ ಮತ್ತೆಮತ್ತೆ ಹಿಂದಕ್ಕೆ ಕಳುಹಿದನೆಂದೂ, ಸರಸ್ವತೀಬಾಯಿ ಮೂಗುತಿಯನ್ನೇ ಕೊಟ್ಟಳೆಂದೂ ಐತಿಹ್ಯ. ಬೇಡಿದವನು ವೇಷ ಮರೆಸಿದ ವಿಠಲ. ಉಪನಯನದ ಮಾತು ಬರಿಯ ನೆಪ. ಆದರೂ ಕಥೆ ದೋಷವನ್ನು ಹೊರಿಸುವುದು ಕೊಡದವನ ಮೇಲೆ. ಆ ನಾಯಕನೇ ದಾಸನಾಗಿ ಜೋಳಿಗೆ ಹಿಡಿದ ಮೇಲೆ, ಹೊಟ್ಟೆಪಾಡಿಗಾಗಿ ವಿರಕ್ತಿಯ ವೇಷ ತೊಡುವವರನ್ನು ಉದರವೈರಾಗ್ಯದ ಕೀರ್ತನೆಯಲ್ಲಿ ಹಳಿದ. ಲೋಭಿಯ ಅನುಭವವೂ ಭಿಕ್ಷುಕನ ಅನುಭವವೂ ಒಬ್ಬನಲ್ಲೇ ಕೂಡಿದ್ದರಿಂದ ಆ ಮಾತಿಗೆ ತೂಕ ಬಂದಿತು.

ಶರಣರು ಇನ್ನೊಂದು ಅಳತೆಗೋಲನ್ನಿತ್ತರು. ಆಯ್ದಕ್ಕಿ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದಳು. ಲೆಕ್ಕವನ್ನು ಕೇಳಿದ್ದು ನೀಡಿದವರಲ್ಲ, ಪಡೆದವರ ಮನೆಯೇ.

ಮರಾಠಿ ನಾಡಿನ ಮಾಧುಕರಿ, ಕನ್ನಡ ನಾಡಿನ ವಾರಾನ್ನ ಎರಡೂ ಬಡ ಹುಡುಗರನ್ನು ಓದಿಸಿದವು. ಅಲ್ಲಿ ರಸೀದಿಯಿರಲಿಲ್ಲ, ಪರಿಚಯವಿತ್ತು. ವಂಚಕನು ಕದಿಯುವುದು ಹತ್ತಿಪ್ಪತ್ತು ರೂಪಾಯಿಯನ್ನಷ್ಟೇ ಅಲ್ಲ. ತನ್ನ ಹಿಂದೆ ಬರುವ ನಿಜವಾದ ಹಸಿವಿಗೆ ಸಲ್ಲಬೇಕಾದ ನಂಬಿಕೆಯನ್ನು ಕದಿಯುತ್ತಾನೆ. ಗುಡಿಯ ಹೆಸರಿನಲ್ಲಿ ಬಂದವನನ್ನು ವಿಚಾರಿಸುವುದು ವಿವೇಕ. ಅನ್ನ ಕೇಳಿದವನಿಗೆ ಮೊದಲು ಎಲೆ ಹಾಕುವುದು ಧರ್ಮ.