ಹಳೆಯ ಸೈಕಲ್ಲಿನ ಪರೀಕ್ಷೆ

ಬಲಸಮುದ್ರದ ನನ್ನ ಶಿಷ್ಯನೊಬ್ಬ ಟ್ರಯಾಥ್ಲಾನ್‌ಗೆ ಸಿದ್ಧನಾಗುತ್ತಿದ್ದಾನೆ. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಸವಾರಿ, 10 ಕಿ.ಮೀ. ಓಟ: ಇದು ಒಲಿಂಪಿಕ್ಸ್‌ನಲ್ಲಿ ನಡೆಯುವ ಸ್ಪರ್ಧೆಯ ಅಳತೆ. ಅದಕ್ಕೆಂದೇ ತಯಾರಾದ ಹೊಸ ಸೈಕಲ್ಲುಗಳ ಬೆಲೆ ಲಕ್ಷಗಳಲ್ಲಿದೆ. ಅವನಿಗೆ ಮನೆಯ ಸಾಲವಿನ್ನೂ ತೀರಿಲ್ಲ. "ಮೇಷ್ಟ್ರೇ, ಹಳೆಯದನ್ನು ಕೊಳ್ಳಲೇ?" ಎಂದು ಕೇಳಿದ.

ನಾನು ಕೆಲಸಕ್ಕೆ ಸೇರಿದಾಗ ಮಧುಗಿರಿಯಲ್ಲಿ ಹಳೆಯ ಅಟ್ಲಾಸ್ ಸೈಕಲ್ಲೊಂದನ್ನು ಕೊಂಡಿದ್ದೆ. ಜೊತೆಗೆ ಬಂದಿದ್ದ ತಂದೆಯವರು ಬಣ್ಣದತ್ತ ನೋಡಲೇ ಇಲ್ಲ. ಫ್ರೇಮಿನ ಬೆಸುಗೆಗಳ ಮೇಲೆ ಬೆರಳಾಡಿಸಿದರು. ನನ್ನನ್ನು ಹತ್ತಿಸಿ, ಪೆಡಲಿಗೆ ಕಾಲು ಎಟಕುವುದೇ ಎಂದು ನೋಡಿದರು. ಟೈರು, ಚೈನುಗಳನ್ನು ಬದಲಾಯಿಸಬಹುದು, ಫ್ರೇಮಿನ ಅಳತೆಯನ್ನಲ್ಲ ಎಂಬುದು ಅವರ ಲೆಕ್ಕ.

ಅದನ್ನೇ ಶಿಷ್ಯನಿಗೆ ಹೇಳಿದೆ. ಕಾರ್ಬನ್ ಫ್ರೇಮಾದರೆ ಬಿರುಕು ಬಣ್ಣದಡಿ ಅಡಗಿರಬಹುದು. ಬಲ್ಲವರಿಗೆ ತೋರಿಸದೆ ಹಣ ಕೊಡಬೇಡವೆಂದೆ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಡಿ ಎಂಟನೆಯ ತರಗತಿಯಲ್ಲಿ ದೊರೆತದ್ದೇ ಅವನ ಮೊದಲ ಸೈಕಲ್ಲು. ಅಂದು ಅದಕ್ಕೆ ಅವನು ಹೊಂದಿಕೊಂಡ. ಈಗ ಕೊಳ್ಳುವುದು ಅವನಿಗೆ ಹೊಂದಬೇಕು.